ಬಂಡೆ, ಬಿಸಿಲು ಮತ್ತು ಬಂದೂಕು

ಇಂದಿನ ಮಕ್ಕಳಿಗೆ ತಾಳ್ಮೆಯಿಲ್ಲ ಎಂಬ ಮಾತನ್ನು ಹಿರಿಯರಾದ ನಾವು ದಿನಕ್ಕೊಮ್ಮೆಯಾದರೂ ಆಡುತ್ತೇವೆ. ಅವರು ಹಾಡನ್ನು ಪೂರ್ತಿ ಕೇಳುವುದಿಲ್ಲ, ಚಲನಚಿತ್ರವನ್ನು ಪೂರ್ತಿ ನೋಡುವುದಿಲ್ಲ. ಬೇಸರದ ದೃಶ್ಯ ಬಂದೊಡನೆ ಬೆರಳು ತಾನಾಗಿಯೇ ಪರದೆಯನ್ನು ಮುಟ್ಟುತ್ತದೆ. ಕಥೆ ಹತ್ತು ಸೆಕೆಂಡು ಮುಂದಕ್ಕೆ ಹಾರುತ್ತದೆ. ಕೆಲವರಂತೂ ಇಡೀ ಚಿತ್ರವನ್ನೇ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡಿ ಮುಗಿಸುತ್ತಾರೆ. ಬಿ.ಟಿ.ಎಂ. ಬಡಾವಣೆಯಿಂದ ಹೊರಟು ಸಿಲ್ಕ್ ಬೋರ್ಡ್ ವೃತ್ತವನ್ನು ದಾಟುವಷ್ಟರಲ್ಲಿ ಅರ್ಧ ಆಯುಷ್ಯ ಕಳೆಯಿತೆನ್ನಿಸುವ ಈ ನಗರದಲ್ಲಿ, ರಸ್ತೆಯಲ್ಲಿ ಕಾದು ಬಂದವರು ಮನೆಯಲ್ಲಿಯೂ ಕಾಯಲು ಒಪ್ಪದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಆದರೆ ಪ್ರಿಯ ಓದುಗರೇ, ಈ ಮಾತಿಗೆ ಒಂದು ಅಪವಾದವನ್ನು ನಾನು ಕಂಡಿದ್ದೇನೆ. ಜೆ.ಪಿ. ನಗರದ ನಮ್ಮ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಒಂದು ರಾತ್ರಿ ದೂರದರ್ಶನದ ಮುಂದೆ ಅಲುಗಾಡದೆ ಕುಳಿತಿದ್ದ. ಪರದೆಯ ಮೇಲೆ ಮೂವರು ಒರಟು ಮನುಷ್ಯರು ಯಾವುದೋ ರೈಲಿಗಾಗಿ ಕಾಯುತ್ತಿದ್ದರು. ಅಷ್ಟೇ. ಐದು ನಿಮಿಷ ಕಳೆಯಿತು, ಹತ್ತು ನಿಮಿಷವಾಯಿತು. ಅವನು ಮೊಬೈಲನ್ನು ಮುಟ್ಟಲೇ ಇಲ್ಲ. ಇದರಲ್ಲಿ ಏನಿದೆ ಎಂದು ಕೇಳಿದೆ. "ಏನೂ ನಡೆಯುವುದಿಲ್ಲ ಮಾವ, ಆದರೂ ಕಣ್ಣು ತೆಗೆಯಲಾಗುವುದಿಲ್ಲ" ಎಂದ. ಈ ಲೇಖನಕ್ಕೆ ಅವನ ಆ ಮಾತೇ ಕಾರಣ. ಏನೂ ನಡೆಯದ ಚಿತ್ರ, ಅದೂ ದರೋಡೆಕೋರರ ಚಿತ್ರ, ಒಳ್ಳೆಯ ಮನೆತನದ ಹುಡುಗರನ್ನು ಹೀಗೆ ಹಿಡಿದಿಡುವುದು ಹೇಗೆ? ಹಾಗೆ ಹಿಡಿದಿಡುವುದು ಒಳ್ಳೆಯದೋ ಕೆಟ್ಟದ್ದೋ?

ಕಾಯುವಿಕೆಯ ಕಲೆ

ಅವನು ನೋಡುತ್ತಿದ್ದುದು ಇಟಲಿಯ ನಿರ್ದೇಶಕ ಸರ್ಜಿಯೊ ಲಿಯೋನೆ 1968ರಲ್ಲಿ ತೆಗೆದ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಎಂಬ ಚಿತ್ರ. ಬಯಲಿನ ನಡುವೆ ಹಲಗೆಗಳಿಂದ ಕಟ್ಟಿದ ಒಂದು ರೈಲು ನಿಲ್ದಾಣ. ಮೂವರು ಬಂದೂಕುಧಾರಿಗಳಲ್ಲಿ ಒಬ್ಬನ ಮುಖದ ಮೇಲೆ ನೊಣವೊಂದು ಹರಿದಾಡುತ್ತದೆ. ಇನ್ನೊಬ್ಬನ ಟೋಪಿಯ ಮೇಲೆ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಮೂರನೆಯವನು ಬೆರಳಿನ ನೆಟಿಗೆ ಮುರಿಯುತ್ತಾನೆ. ಎಲ್ಲೋ ಒಂದು ಗಾಳಿಯಂತ್ರ ಎಣ್ಣೆ ಕಾಣದೆ ಕಿರುಗುಟ್ಟುತ್ತದೆ. ಸಂಗೀತವಿಲ್ಲ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಕೊನೆಗೆ ರೈಲು ಬಂದು ಹೋಗುತ್ತದೆ. ಅದರ ಆಚೆಯ ಬದಿಯಲ್ಲಿ ಹಾರ್ಮೋನಿಕಾ ನುಡಿಸುವ ಒಬ್ಬ ಮನುಷ್ಯ ನಿಂತಿದ್ದಾನೆ. ಅಷ್ಟು ಹೊತ್ತಿನ ಕಾಯುವಿಕೆಯ ನಂತರ ನಡೆಯುವ ಗುಂಡಿನ ಕಾಳಗ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ.

ಇಂತಹ ಚಿತ್ರಗಳನ್ನು 'ವೆಸ್ಟರ್ನ್' ಎಂದು ಕರೆಯುತ್ತಾರೆ. ಅಮೆರಿಕದ ಪಶ್ಚಿಮ ಭಾಗಕ್ಕೆ ಜನ ವಲಸೆ ಹೋಗುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಕಥೆಗಳಿವು. ಕುದುರೆ, ಟೋಪಿ, ಧೂಳು, ಕಾನೂನು ಇನ್ನೂ ತಲುಪದ ಊರು, ಆ ಊರನ್ನು ನಡುಗಿಸುವ ದರೋಡೆಕೋರ. ನಮ್ಮ ತಲೆಮಾರಿನವರಿಗೆ 'ಮೆಕೆನ್ನಾಸ್ ಗೋಲ್ಡ್' (1969) ನೆನಪಿರಬಹುದು. ಅಮೆರಿಕನ್ನರ ಚಿತ್ರಗಳಲ್ಲಿ ಕುದುರೆಗಳು ಓಡುತ್ತಿದ್ದವು. ಲಿಯೋನೆ ಅವುಗಳನ್ನು ನಿಲ್ಲಿಸಿದ. ಮೈಲುಗಟ್ಟಲೆ ಬಯಲನ್ನು ತೋರಿಸಿ, ಮರುಕ್ಷಣವೇ ಪರದೆಯ ತುಂಬ ಎರಡು ಕಣ್ಣುಗಳನ್ನಷ್ಟೇ ತೋರಿಸಿದ. ಎನ್ನಿಯೊ ಮೊರಿಕೋನೆಯ ಸಂಗೀತ ಮಾತು ಆಡಬೇಕಾದದ್ದನ್ನೆಲ್ಲ ತಾನೇ ಆಡಿತು. ವಿಚಿತ್ರವೆಂದರೆ ಲಿಯೋನೆಯ ಅಮೆರಿಕ ಬಹುಮಟ್ಟಿಗೆ ಸ್ಪೇನ್ ದೇಶದ ಅಲ್ಮೇರಿಯಾ ಪ್ರಾಂತ್ಯದ ಒಣನೆಲ.

ಈ ಕಥೆಗಳು ದೇಶ ಸುತ್ತಿದ ಬಗೆಯೂ ಸ್ವಾರಸ್ಯಕರವಾಗಿದೆ. ಜಪಾನಿನ ಅಕಿರಾ ಕುರೊಸಾವ 1954ರಲ್ಲಿ 'ಸೆವೆನ್ ಸಮುರಾಯ್' ತೆಗೆದರು: ದರೋಡೆಕೋರರ ಕಾಟ ತಾಳಲಾರದ ಬಡ ರೈತರು ಏಳು ಮಂದಿ ಯೋಧರನ್ನು ಬಾಡಿಗೆಗೆ ಕರೆತರುವ ಕಥೆ. 1960ರಲ್ಲಿ ಅಮೆರಿಕನ್ನರು ಅದನ್ನೇ 'ದ ಮ್ಯಾಗ್ನಿಫಿಸೆಂಟ್ ಸೆವೆನ್' ಎಂದು ಕುದುರೆ ಹತ್ತಿಸಿದರು. ಅದೇ ಕುರೊಸಾವರ 'ಯೊಜಿಂಬೊ' (1961) ಚಿತ್ರವನ್ನು ಲಿಯೋನೆ 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಎಂದು ಮಾರ್ಪಡಿಸಿದ. ಬನಶಂಕರಿ ಎರಡನೆಯ ಹಂತದಲ್ಲಿರುವ ಸುಚಿತ್ರಾ ಸಂಸ್ಥೆಯನ್ನು ಬಲ್ಲವರಿಗೆ ಈ ಹೆಸರುಗಳು ಹೊಸವಲ್ಲ. 1971ರಲ್ಲಿ ಆರಂಭವಾದ ಆ ಫಿಲ್ಮ್ ಸೊಸೈಟಿ, ಚಿತ್ರವೆಂದರೆ ಕಥೆಯಷ್ಟೇ ಅಲ್ಲ, ನೋಡುವ ಒಂದು ಬಗೆ ಎಂಬುದನ್ನು ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳಿಗೆ ಕಲಿಸಿಕೊಟ್ಟಿದೆ.

ನಮ್ಮ ಪಕ್ಕದ ರಾಮಗಢ

ಜಪಾನ್, ಅಮೆರಿಕ, ಸ್ಪೇನ್ ಸುತ್ತಿದ ಈ ದರೋಡೆಕೋರ ಕೊನೆಗೆ ಬಂದು ಇಳಿದದ್ದು ನಮ್ಮ ನೆರೆಯಲ್ಲಿ, ಮೈಸೂರು ರಸ್ತೆಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ದೂರದ ರಾಮನಗರದಲ್ಲಿ. 2025ರಲ್ಲಿ ಆ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದೇ ಹೆಸರಾಗಿದೆ. ಹಾಗಾಗಿ ಗಬ್ಬರ್ ಸಿಂಗ್ ಕೂಡ ಈಗ ಒಂದು ರೀತಿಯಲ್ಲಿ ದಕ್ಷಿಣ ಬೆಂಗಳೂರಿನವನೇ!

ರಮೇಶ್ ಸಿಪ್ಪಿಯವರ 'ಶೋಲೆ' ಚಿತ್ರೀಕರಣ 1973ರ ಅಕ್ಟೋಬರಿನಲ್ಲಿ ರಾಮದೇವರ ಬೆಟ್ಟದ ಸುತ್ತಮುತ್ತ ಆರಂಭವಾಯಿತು. ಕಲಾನಿರ್ದೇಶಕ ರಾಮ್ ಯಡೇಕರ್ ಅಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿದರು. ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು. ಉತ್ತರ ಭಾರತದ ಕಥೆಗೆ ನಮ್ಮ ಕಪ್ಪು ಬಂಡೆಗಳು ಏಕೆ ಬೇಕಾದವು ಎಂಬುದನ್ನು ಆ ಬೆಟ್ಟದ ಬುಡದಲ್ಲಿ ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ನಿಂತವರು ಸುಲಭವಾಗಿ ಬಲ್ಲರು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಆ ಬಂಡೆಗಳ ನಡುವೆ ಮನುಷ್ಯ ಅತಿ ಸಣ್ಣವನಾಗಿ ಕಾಣುತ್ತಾನೆ. ಮಾತು ತಾನಾಗಿಯೇ ತಗ್ಗುತ್ತದೆ. ಮೇಲೆ ರಣಹದ್ದುಗಳು ಸುತ್ತುವ ಜಾಗವದು. 2012ರಲ್ಲಿ ಅದನ್ನು ರಣಹದ್ದುಗಳ ಸಂರಕ್ಷಣಾ ತಾಣವೆಂದು ಘೋಷಿಸಲಾಯಿತು. ಡೇವಿಡ್ ಲೀನ್ ತಮ್ಮ 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರಕ್ಕೂ ಈ ಬೆಟ್ಟಗಳನ್ನೇ ಅರಸಿ ಬಂದರು.

'ಶೋಲೆ'ಯನ್ನು ನಾವು ಮಾತಿನ ಚಿತ್ರವೆಂದು ನೆನಪಿಡುತ್ತೇವೆ. ಗಬ್ಬರನ ಸಂಭಾಷಣೆಗಳನ್ನು ಮಕ್ಕಳೂ ಒಪ್ಪಿಸುತ್ತಾರೆ. ಆದರೆ ಮತ್ತೊಮ್ಮೆ ಗಮನವಿಟ್ಟು ನೋಡಿ. ಅದರ ಆಳವಾದ ಘಳಿಗೆಗಳೆಲ್ಲ ಮೌನದವು. ಠಾಕೂರನ ಕುಟುಂಬ ಹತ್ಯೆಯಾಗುವ ದೃಶ್ಯವನ್ನು ನೆನಪಿಸಿಕೊಳ್ಳಿ. ಕಿರುಗುಟ್ಟುವ ಉಯ್ಯಾಲೆ, ಅಂಗಳದ ಬಿಸಿಲು, ಒಬ್ಬೊಬ್ಬರಾಗಿ ಬೀಳುವ ಮನೆಮಂದಿ. ಲಿಯೋನೆಯ ಚಿತ್ರದಲ್ಲಿ ಊಟದ ಮೇಜು ಸಜ್ಜು ಮಾಡುತ್ತಿರುವ ಕುಟುಂಬವೊಂದು ಸಾಯುವ ದೃಶ್ಯದ ನೆರಳು ಇಲ್ಲಿ ಸ್ಪಷ್ಟವಾಗಿದೆ. ಕೊನೆಗೆ ಗಬ್ಬರನೆದುರು ಒಂದು ಮಗು ಮಾತ್ರ ಉಳಿಯುತ್ತದೆ. ಮಗು ಸಾಯುವುದನ್ನು ನಿರ್ದೇಶಕರು ತೋರಿಸುವುದಿಲ್ಲ. ನಂತರ ಉಡುಗೊರೆಗಳನ್ನು ಹೊತ್ತು ಊರಿಗೆ ಬಂದ ಠಾಕೂರ ಸಾಲಾಗಿ ಮಲಗಿಸಿದ ಹೆಣಗಳ ಮುಂದೆ ನಿಲ್ಲುತ್ತಾನೆ. ಗಾಳಿಗೆ ಬಿಳಿಯ ಹೊದಿಕೆಗಳು ಹಾರುತ್ತವೆ.

ಆ ಮನೆಯಲ್ಲಿ ಬದುಕುಳಿದ ಸೊಸೆ ರಾಧಾ ದಿನವೂ ಮುಸ್ಸಂಜೆ ಮನೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ. ಕೆಳಗೆ ಕುಳಿತ ಜೈ ಹಾರ್ಮೋನಿಕಾ ನುಡಿಸುತ್ತಾನೆ. ಮಾತಿಲ್ಲ. ತೆರೆಯ ಮೇಲೆ ಒಂದೆರಡು ನಿಮಿಷದ ಈ ದೃಶ್ಯಕ್ಕಾಗಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ಸುಮಾರು 20 ದಿನ ದುಡಿದರೆಂದು ಹೇಳುತ್ತಾರೆ. ಸೂರ್ಯ ಮುಳುಗಿ ಕತ್ತಲು ಕವಿಯುವ ನಡುವಿನ ಆ ಬೆಳಕು ರಾಮನಗರದಲ್ಲಿ ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿತ್ತು. ಆ ಬೆಳಕು ತಪ್ಪಿದರೆ ಮರುದಿನದವರೆಗೆ ಕಾಯಬೇಕು. ಒಬ್ಬ ವಿಧವೆಯ ದುಃಖವನ್ನು ತೋರಿಸಲು ಇಷ್ಟೊಂದು ಜನ ಇಷ್ಟು ದಿನ ಬೆಟ್ಟದ ಬುಡದಲ್ಲಿ ಸಂಜೆಗಾಗಿ ಕಾದರು ಎಂಬುದು ನನಗೆ ಚಿತ್ರದ ಕಥೆಯಷ್ಟೇ ಹೃದಯಸ್ಪರ್ಶಿಯಾಗಿ ತೋರುತ್ತದೆ.

ಇನ್ನೊಬ್ಬರನ್ನು ಮರೆಯಲಾದೀತೇ? ಕುರುಡು ಇಮಾಮ್ ಸಾಹೇಬರು. ಪಟ್ಟಣಕ್ಕೆ ಕೆಲಸಕ್ಕೆಂದು ಹೊರಟ ಅವರ ಮಗ ಅಹಮದನ ಹೆಣವನ್ನು ಕುದುರೆ ಹೊತ್ತು ತರುತ್ತದೆ. ಊರವರೆಲ್ಲ ಕಂಡಿದ್ದಾರೆ, ಯಾರೂ ಬಾಯಿ ಬಿಡುತ್ತಿಲ್ಲ. ಆ ವೃದ್ಧರು ಕೋಲೂರಿಕೊಂಡು ಬಂದು, ಇಷ್ಟೊಂದು ಮೌನವೇಕೆ ಎಂದು ಕೇಳುತ್ತಾರೆ. ಇಂದು ಆ ಮಾತು ತಮಾಷೆಯ ಚಿತ್ರಗಳ ಅಡಿಬರಹವಾಗಿ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಆದರೆ ಆ ದೃಶ್ಯವನ್ನು ಅದರ ವೇಗದಲ್ಲಿಯೇ ನೋಡಿದ ಯಾರೂ ನಗಲಾರರು.

ಸೆಳೆತದ ಬೇರು

ಈ ಚಿತ್ರಗಳ ಸೆಳೆತ ಏನು? ಮೊದಲನೆಯದು, ಬಯಲು. ನಾವು ಇಪ್ಪತ್ತು-ಮೂವತ್ತರ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವರು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಜಯನಗರದ ಹಳೆಯ ಮರಗಳ ಸಾಲಿನಲ್ಲಿ ಒಂದಿಷ್ಟು ಆಕಾಶ ಉಳಿದಿದೆಯೇ ಹೊರತು ದಿಗಂತವೆಂಬುದು ನಮ್ಮ ಮಕ್ಕಳಿಗೆ ಪುಸ್ತಕದ ಪದ. ಪರದೆಯ ತುಂಬ ನೆಲ ಮತ್ತು ಆಕಾಶವನ್ನು ಕಂಡಾಗ ಅವರ ಎದೆ ಅರಳುವುದು ತಪ್ಪಲ್ಲ.

ಎರಡನೆಯದು, ಕಣ್ಣೆದುರೇ ಸಿಗುವ ನ್ಯಾಯ. ಒಂದು ಖಾತೆ ಬದಲಾವಣೆಗೆ ವರ್ಷಗಟ್ಟಲೆ ಅಲೆದವರಿಗೆ, ನ್ಯಾಯಾಲಯದಲ್ಲಿ ದಿನಾಂಕದ ಮೇಲೆ ದಿನಾಂಕ ಪಡೆದವರಿಗೆ, ಒಬ್ಬನೇ ಮನುಷ್ಯ ನಡುಬೀದಿಯಲ್ಲಿ ನಿಂತು ಲೆಕ್ಕ ತೀರಿಸುವುದು ಹಿತವಾಗಿಯೇ ಕಾಣುತ್ತದೆ. 'ಶೋಲೆ'ಯ ಕೊನೆಯ ದೃಶ್ಯದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲು ಚಿತ್ರೀಕರಿಸಿದಂತೆ, ಕೈಗಳನ್ನು ಕಳೆದುಕೊಂಡ ಠಾಕೂರ ಮೊಳೆಗಳಿರುವ ತನ್ನ ಪಾದರಕ್ಷೆಗಳಿಂದ ತುಳಿದು ಗಬ್ಬರನನ್ನು ಕೊಲ್ಲುತ್ತಾನೆ. ಅದು ತುರ್ತು ಪರಿಸ್ಥಿತಿಯ ಕಾಲ. ಮಾಜಿ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಕೊನೆಯ ಗಳಿಗೆಯಲ್ಲಿ ಪೊಲೀಸರು ಬಂದು ತಡೆಯುವಂತೆ ಮತ್ತೆ ಚಿತ್ರೀಕರಿಸಲಾಯಿತು. ಐವತ್ತು ವರ್ಷಗಳ ನಂತರ, 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಬೊಲೋನಾ ನಗರದ ಉತ್ಸವದಲ್ಲಿ ಮೂಲ ಅಂತ್ಯದೊಂದಿಗೆ ಚಿತ್ರವನ್ನು ಪ್ರದರ್ಶಿಸಿದರು. ಯಾವ ಅಂತ್ಯ ಸರಿ ಎಂದು ನಮ್ಮ ಮನೆಯಲ್ಲಿ ಬಿಸಿಬಿಸಿ ಚರ್ಚೆಯೇ ನಡೆಯಿತು. ನೀವೂ ನಿಮ್ಮ ಮನೆಯಲ್ಲಿ ಕೇಳಿ ನೋಡಿ. ಯಾರ ಮನಸ್ಸಿನಲ್ಲಿ ಎಷ್ಟು ಸೇಡು ಕುಳಿತಿದೆ ಎಂಬುದು ತಿಳಿಯುತ್ತದೆ.

ಮೂರನೆಯದೇ ಮುಖ್ಯವಾದದ್ದು, ನಿಧಾನ. ನಾವು ಬೇರೆ ಯಾರ ಮುಖವನ್ನೂ ಐದು ನಿಮಿಷ ದಿಟ್ಟಿಸಿ ನೋಡುವುದಿಲ್ಲ. ಮನೆಯವರ ಮುಖವನ್ನು ಕೂಡ. ಈ ಚಿತ್ರಗಳು ಮನುಷ್ಯನ ಮುಖವನ್ನು ಬೆಟ್ಟವನ್ನು ನೋಡುವಂತೆ ನೋಡಲು ಬಿಡುತ್ತವೆ. ಸುಕ್ಕು, ಬೆವರು, ಭಯ, ಸಂಶಯ ಎಲ್ಲವೂ ಕಾಣುತ್ತವೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಹೇಳುವುದು ಅಗತ್ಯ. ನಿಧಾನ ಬೇರೆ, 'ಸ್ಲೋ ಮೋಷನ್' ಬೇರೆ. ಇಂದಿನ ರೌಡಿ ಚಿತ್ರಗಳಲ್ಲಿ ಎಲ್ಲವೂ ಓಡುತ್ತದೆ. ಮಚ್ಚು ಹಿಡಿದ ನಾಯಕ ನಡೆದು ಬರುವಾಗ ಮಾತ್ರ ಕಾಲ ನಿಧಾನವಾಗುತ್ತದೆ. ಅವನ ಕೂದಲು ಹಾರುತ್ತದೆ, ಹೊಗೆ ಏಳುತ್ತದೆ, ಸಂಗೀತ ಮೊಳಗುತ್ತದೆ. ಸತ್ತವನ ಪಾಲಿಗೆ ಅರ್ಧ ಸೆಕೆಂಡು. ಕೊಲ್ಲುವವನಿಗೆ ದೇವರ ಉತ್ಸವದ ಗಾಂಭೀರ್ಯ ಕೊಟ್ಟು, ಸಾಯುವವನನ್ನು ಕಸದಂತೆ ಗುಡಿಸಿಹಾಕುವ ಕಲೆ ಅದು. ನಿಜವಾದ ನಿಧಾನ ಎಲ್ಲರಿಗೂ ಸಮಯ ಕೊಡುತ್ತದೆ: ದೀಪ ಆರಿಸುವ ವಿಧವೆಗೂ, ಕೋಲೂರಿ ಬರುವ ತಂದೆಗೂ. ಚಿತ್ರವೊಂದು ತನ್ನ ನಿಧಾನವನ್ನು ಯಾರಿಗಾಗಿ ಖರ್ಚು ಮಾಡುತ್ತದೆ ಎಂಬುದೇ ಅದರ ಒಳಿತು ಕೆಡುಕನ್ನು ಅಳೆಯುವ ಕೋಲು.

ಪರದೆಯಾಚೆಯ ಮೌನ

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮಗೆ ಪರಿಚಿತವಾದ ಕುಟುಂಬವೊಂದರಲ್ಲಿ ಇಪ್ಪತ್ತೆರಡು ವರ್ಷದ ಮಗ ಬೀದಿಜಗಳವೊಂದರಲ್ಲಿ ಇರಿತಕ್ಕೆ ಬಲಿಯಾದ. ಕೆಟ್ಟ ಹುಡುಗನೇನಲ್ಲ. ಬಡಾವಣೆಯ 'ಅಣ್ಣ' ಒಬ್ಬನ ಹಿಂದೆ ಓಡಾಡುತ್ತಿದ್ದ. ಅವನಂತೆ ಗಡ್ಡ ಬಿಟ್ಟಿದ್ದ, ಅವನಂತೆ ನಿಧಾನವಾಗಿ ಹೆಜ್ಜೆ ಹಾಕುವುದನ್ನು ಕಲಿತಿದ್ದ. ಭೂಸ್ಥಾಪನೆಯಾದ ಮರುದಿನ ನಾನು ಮತ್ತು ನನ್ನ ಪತ್ನಿ ಬಿ.ಟಿ.ಎಂ. ಬಡಾವಣೆಯ ಆ ಚಿಕ್ಕ ಬಾಡಿಗೆ ಮನೆಗೆ ಹೋದೆವು. ಅವನ ತಾಯಿ ಗೋಡೆಗೆ ಒರಗಿ ಕುಳಿತಿದ್ದರು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಗಂಟೆಯ ನಂತರ ಅವರು ಕೇಳಿದ್ದು ಒಂದೇ ಮಾತು: "ಆ ರಾತ್ರಿ ಅವನು ಊಟ ಮಾಡಿದ್ದನೋ ಇಲ್ಲವೋ ಯಾರಿಗಾದರೂ ಗೊತ್ತಾ?" ಯಾರಿಗೂ ಗೊತ್ತಿರಲಿಲ್ಲ. ಅಣ್ಣನ ನಡಿಗೆಯನ್ನು ಅನುಕರಿಸಲು ಆ ಹುಡುಗನಿಗೆ ಹತ್ತಾರು ಚಿತ್ರಗಳು ಕಲಿಸಿಕೊಟ್ಟಿದ್ದವು. ಆ ಮಧ್ಯಾಹ್ನವನ್ನು ಯಾವ ಚಿತ್ರವೂ ಅವನಿಗೆ ತೋರಿಸಿರಲಿಲ್ಲ.

ನಮ್ಮ ನಾಡಿಗೂ ಒಬ್ಬ ದರೋಡೆಕೋರನ ಕಾಲವಿತ್ತು. 2000ದ ಜುಲೈ 30ರಂದು ವೀರಪ್ಪನ್ ವರನಟ ರಾಜಕುಮಾರರನ್ನು ಗಾಜನೂರಿನಿಂದ ಅಪಹರಿಸಿದಾಗ ಬೆಂಗಳೂರು ಉಸಿರು ಬಿಗಿಹಿಡಿದು ಕಾದದ್ದು 108 ದಿನ. ನವೆಂಬರ್ 15ರಂದು ಅವರ ಬಿಡುಗಡೆಯಾಗುವವರೆಗೆ ಪತ್ರಿಕೆಯ ಮುಖಪುಟಗಳಲ್ಲಿ ಆ ಮೀಸೆಯ ಚಿತ್ರವೇ. ನಮ್ಮ ಬೀದಿಯ ಮಕ್ಕಳು ಇದ್ದಿಲಿನಿಂದ ಮೀಸೆ ಬರೆದುಕೊಂಡು ಆಡುತ್ತಿದ್ದರು. ಅವನು 2004ರ ಅಕ್ಟೋಬರ್ 18ರಂದು ಸತ್ತ ಮೇಲೆಯೂ 'ಅಟ್ಟಹಾಸ' (2013), 'ಕಿಲ್ಲಿಂಗ್ ವೀರಪ್ಪನ್' (2016) ಎಂದು ಚಿತ್ರಗಳು ಬಂದವು. ವೀರಪ್ಪನ್ನನ ಮುಖ ಎಲ್ಲರಿಗೂ ಗೊತ್ತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ ಸಿಕ್ಕಿ ಸತ್ತ 22 ಮಂದಿಯಲ್ಲಿ ಒಬ್ಬರ ಮುಖವಾದರೂ ನಮಗೆ ನೆನಪಿದೆಯೇ?

ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಯ ಹೆಸರನ್ನು ನಿಮ್ಮ ಮಕ್ಕಳಿಗೆ ಹೇಳಿದ್ದೀರಾ? ವೀರಪ್ಪನ್ನನ ಹುಟ್ಟೂರಾದ ಗೋಪಿನಾಥಂನಲ್ಲಿಯೇ ಅವರು ಜನರ ನಡುವೆ ಬಾಳಿದರು. ಊರವರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟರು, ಔಷಧೋಪಚಾರಕ್ಕೆ ವ್ಯವಸ್ಥೆ ಮಾಡಿದರು, ದರೋಡೆಕೋರನ ಹಿಂದೆ ಹೋದವರನ್ನು ಮನವೊಲಿಸಿ ಮರಳಿ ತಂದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ 1991ರ ನವೆಂಬರ್ 10ರಂದು ನಿಶ್ಶಸ್ತ್ರರಾಗಿ ಕಾಡಿಗೆ ನಡೆದರು. ಅವನು ಅವರನ್ನು ಕೊಂದು ತಲೆ ಕಡಿದ. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಪ್ರಶಸ್ತಿ ಸಂದಿತು. ಗೋಪಿನಾಥಂನ ಜನ ಇಂದಿಗೂ ಅವರನ್ನು ಸ್ಮರಿಸುತ್ತಾರೆ. ಬಂದೂಕಿಲ್ಲದೆ ಕಾಡಿನೊಳಗೆ ಹೋಗುವ ಮನುಷ್ಯನ ನಡಿಗೆ ಎಷ್ಟು ನಿಧಾನವಾಗಿದ್ದಿರಬೇಕು! ಲಿಯೋನೆಯಂತಹ ನಿರ್ದೇಶಕನೊಬ್ಬ ಆ ನಡಿಗೆಗೆ ಹತ್ತು ನಿಮಿಷ ಕೊಟ್ಟಿದ್ದರೆ ಎಂದು ನನಗೆ ಎಷ್ಟೋ ಬಾರಿ ಅನ್ನಿಸಿದೆ.

ಇಬ್ಬರು ಸಹೋದರರು

ದರೋಡೆಕೋರನನ್ನು ವೈಭವೀಕರಿಸದೆಯೂ ಅವನ ಕುರಿತು ಸುಂದರವಾದ ಚಿತ್ರ ತೆಗೆಯಬಹುದೆಂಬುದಕ್ಕೆ 2007ರ ಒಂದು ಅಮೆರಿಕನ್ ಚಿತ್ರ ಸಾಕ್ಷಿ. ಆಂಡ್ರ್ಯೂ ಡೊಮಿನಿಕ್ ನಿರ್ದೇಶಿಸಿದ ಅದರ ಹೆಸರೇ ಒಂದು ವಾಕ್ಯದಷ್ಟು ಉದ್ದ: 'ದ ಅಸ್ಯಾಸಿನೇಷನ್ ಆಫ್ ಜೆಸ್ಸಿ ಜೇಮ್ಸ್ ಬೈ ದ ಕವರ್ಡ್ ರಾಬರ್ಟ್ ಫೋರ್ಡ್'. ಜೆಸ್ಸಿ ಜೇಮ್ಸ್ ನಿಜವಾಗಿ ಬದುಕಿದ್ದ ದರೋಡೆಕೋರ. ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗ. ಅವನು ಬದುಕಿದ್ದಾಗಲೇ ಪತ್ರಿಕೆಗಳೂ ಅಗ್ಗದ ಕಥೆಪುಸ್ತಕಗಳೂ ಅವನನ್ನು ವೀರನನ್ನಾಗಿಸಿದ್ದವು. ರಾಬರ್ಟ್ ಫೋರ್ಡ್ ಎಂಬ ತರುಣ ಆ ಖ್ಯಾತಿಗೆ ಮರುಳಾಗಿ ಅವನ ತಂಡ ಸೇರಿದ. 1882ರ ಏಪ್ರಿಲ್ 3ರಂದು, ಮನೆಯ ಗೋಡೆಯ ಮೇಲಿನ ಪಟವನ್ನು ಸರಿಪಡಿಸುತ್ತಿದ್ದ ಜೆಸ್ಸಿಯನ್ನು ಅವನೇ ಹಿಂದಿನಿಂದ ಗುಂಡಿಟ್ಟು ಕೊಂದ. ಜೆಸ್ಸಿಗೆ ಆಗ 34 ವರ್ಷ. ಮುಂದೆ ಫೋರ್ಡ್ ಆ ಕೊಲೆಯನ್ನೇ ರಂಗದ ಮೇಲೆ ಅಭಿನಯಿಸಿ ಹಣ ಗಳಿಸಿದ. 1892ರಲ್ಲಿ ತಾನೂ ಗುಂಡಿಗೆ ಬಲಿಯಾದ.

ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಸೆರೆಹಿಡಿದ ಈ ಚಿತ್ರದ ಒಂದು ದೃಶ್ಯದಲ್ಲಿ, ಕಗ್ಗತ್ತಲ ಕಾಡಿನೊಳಗೆ ರೈಲಿನ ದೀಪ ಮರಗಳ ನಡುವಿನಿಂದ ತೂರಿ ಬಂದು ಮುಖವಾಡ ಧರಿಸಿದ ದರೋಡೆಕೋರರ ಮೇಲೆ ಹರಿಯುತ್ತದೆ. ಅಷ್ಟು ಸೌಂದರ್ಯದ ನಡುವೆ ಆ ಮನುಷ್ಯರು ಎಷ್ಟು ಕ್ಷುದ್ರರಾಗಿ ಕಾಣುತ್ತಾರೆಂದರೆ, ಅನುಕರಿಸುವ ಆಸೆ ತಾನಾಗಿಯೇ ಬಾಡುತ್ತದೆ. 160 ನಿಮಿಷಗಳ ಈ ಚಿತ್ರದ ನಿಧಾನದಲ್ಲಿ ಜೆಸ್ಸಿಯ ವೀರವೇಷ ಪದರ ಪದರವಾಗಿ ಕಳಚಿ, ಯಾರನ್ನೂ ನಂಬಲಾರದ, ನಿದ್ರೆಯಿಲ್ಲದ, ದಣಿದ ಒಬ್ಬ ಗೃಹಸ್ಥ ಉಳಿಯುತ್ತಾನೆ. ನನ್ನ ಸೋದರಳಿಯ ಈ ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಆ ಫೋರ್ಡ್ ಕಪಾಟಿನಲ್ಲಿ ಜೆಸ್ಸಿಯ ಕಥೆಪುಸ್ತಕ ಬಚ್ಚಿಟ್ಟುಕೊಂಡಿರಬೇಕು ಅಲ್ಲವೇ, ನಾವು ಪೋಸ್ಟರ್ ಅಂಟಿಸುವಂತೆ" ಎಂದ. ನಾನು ಕೊಡಬಹುದಾಗಿದ್ದ ಉಪದೇಶಕ್ಕಿಂತ ಅದು ಹೆಚ್ಚು.

ನಮ್ಮ ಓದುಗರಿಗೆ ವಿಶೇಷವಾಗಿ ನಾಟುವ ದೃಶ್ಯವೊಂದು ಲಿಯೋನೆಯ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' (1966) ಚಿತ್ರದಲ್ಲಿದೆ. ಟೂಕೊ ಎಂಬ ದರೋಡೆಕೋರ ಗಾಯಗೊಂಡ ಜೊತೆಗಾರನನ್ನು ಹೊತ್ತು ಒಂದು ಮಠಕ್ಕೆ ಬರುತ್ತಾನೆ. ಅಲ್ಲಿಯ ಗುರುಗಳು ಫಾದರ್ ಪಾಬ್ಲೊ ಅವನ ಒಡಹುಟ್ಟಿದ ಅಣ್ಣ. ಎಷ್ಟೋ ವರ್ಷಗಳ ಭೇಟಿ. ತಾಯಿ ತೀರಿಕೊಂಡು ಬಹಳ ಕಾಲವಾಗಿದೆ, ತಂದೆ ಈಗಷ್ಟೇ ತೀರಿಕೊಂಡಿದ್ದಾರೆ. ಟೂಕೊಗೆ ಎರಡೂ ಗೊತ್ತಿಲ್ಲ. ಅಣ್ಣ ಅವನನ್ನು ತಿರಸ್ಕಾರದಿಂದ ಮಾತನಾಡಿಸುತ್ತಾನೆ. ಆಗ ಟೂಕೊ ತಿರುಗಿಬೀಳುತ್ತಾನೆ: ನಮ್ಮ ಊರಿನಲ್ಲಿ ಹಸಿವಿನಿಂದ ಸಾಯದಿರಲು ಇದ್ದ ದಾರಿ ಎರಡೇ, ಗುರುವಾಗುವುದು ಇಲ್ಲವೇ ಕಳ್ಳನಾಗುವುದು, ನೀನು ನಿನ್ನದನ್ನು ಆರಿಸಿಕೊಂಡು ಹೊರಟುಹೋದೆ, ತಂದೆತಾಯಿಯ ಬಳಿ ಉಳಿದವನು ನಾನು, ನನ್ನ ದಾರಿಯೇ ಹೆಚ್ಚು ಕಷ್ಟದ್ದಾಗಿತ್ತು ಎನ್ನುತ್ತಾನೆ. ಅಣ್ಣತಮ್ಮಂದಿರು ಕೈ ಮಿಲಾಯಿಸುತ್ತಾರೆ. ತಮ್ಮ ಬಾಗಿಲು ದಾಟಿ ಹೋದ ಮೇಲೆ, ಅವನಿಗೆ ಕೇಳಿಸದಂತೆ, ಆ ಗುರು ಕ್ಷಮೆ ಬೇಡುತ್ತಾರೆ.

ಮುಂದಿನದು ಇನ್ನೂ ಸೂಕ್ಷ್ಮ. ಗಾಡಿ ಏರಿದ ಟೂಕೊ ತನ್ನ ಜೊತೆಗಾರನಿಗೆ, ಅಣ್ಣನಿಗೆ ನನ್ನ ಮೇಲೆ ಪ್ರಾಣ, ನಾನು ಯಾವಾಗ ಹೋದರೂ ಅವನ ಬಳಿ ಒಂದು ಬಟ್ಟಲು ಸಾರು ಇದ್ದೇ ಇರುತ್ತದೆ ಎಂದು ಜಂಬ ಕೊಚ್ಚುತ್ತಾನೆ. ಜಗಳವನ್ನೆಲ್ಲ ಕೇಳಿಸಿಕೊಂಡಿದ್ದ ಜೊತೆಗಾರ ಅದನ್ನು ಅಲ್ಲಗಳೆಯುವುದಿಲ್ಲ. ಊಟದ ಮೇಲೆ ಒಂದು ಚುಟ್ಟಾ ಚೆನ್ನಾಗಿರುತ್ತದೆ ಎಂದು ತನ್ನದನ್ನೇ ಅವನ ಕೈಗೆ ಕೊಡುತ್ತಾನೆ. ಕಣ್ಣೀರಿನ ಮುಖದಲ್ಲಿ ನಗು ಮೂಡುತ್ತದೆ. ಹತ್ತು ಸೆಕೆಂಡು ಮುಂದಕ್ಕೆ ಹಾರಿದವನಿಗೆ ಈ ಕ್ಷಮೆಯೂ ಸಿಗುವುದಿಲ್ಲ, ಈ ಕರುಣೆಯೂ ಸಿಗುವುದಿಲ್ಲ. ನಮ್ಮ ಕುಟುಂಬಗಳಲ್ಲಿಯೂ ದಾರಿ ತಪ್ಪಿದ ಒಬ್ಬ ತಮ್ಮ, ಹಬ್ಬಕ್ಕೆ ಕರೆಯದ ಒಬ್ಬ ಮಗ ಇಲ್ಲವೇ? ಅವನು ಹೊರಗಿನವರ ಮುಂದೆ ನಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಿರಬಹುದು ಎಂದು ಒಮ್ಮೆಯಾದರೂ ಯೋಚಿಸಿದ್ದೇವೆಯೇ?

ಸಂತ ಲೂಕನ ಶುಭಸಂದೇಶದಲ್ಲಿಯೂ ಶಿಲುಬೆಯ ಎಡಬಲದಲ್ಲಿ ಇಬ್ಬರು ಅಪರಾಧಿಗಳಿದ್ದಾರೆ. ಅವರು ಮಾಡಿದ ಅಪರಾಧದ ವರ್ಣನೆ ಅಲ್ಲಿಲ್ಲ, ಹೆಸರೂ ಇಲ್ಲ. ಅವರ ಸಾವಿನ ಗಳಿಗೆ ಮಾತ್ರ ಇದೆ. ಪಕ್ಕದಲ್ಲಿರುವವನ ಮುಖವನ್ನು ಕೊನೆಯ ಗಂಟೆಗಳಲ್ಲಿ ನಿಧಾನವಾಗಿ ನೋಡಲು ಒಬ್ಬನಿಗೆ ಸಾಧ್ಯವಾಯಿತು, ಇನ್ನೊಬ್ಬನಿಗೆ ಆಗಲಿಲ್ಲ.

ಹಾಗಾದರೆ ಮನೆಯಲ್ಲಿ ನಾವು ಮಾಡಬೇಕಾದದ್ದೇನು? ಇಂತಹ ಚಿತ್ರಗಳನ್ನು ನಿಷೇಧಿಸುವುದರಿಂದ ಪ್ರಯೋಜನವಿಲ್ಲ. ಮಕ್ಕಳು ಹೊದಿಕೆಯೊಳಗೆ ಮೊಬೈಲ್ ಹಿಡಿದು ನೋಡಬಲ್ಲರು. ಎಲ್ಲರೂ ಒಟ್ಟಿಗೆ ಕುಳಿತು ನೋಡುತ್ತಿದ್ದ ಜಯನಗರದ ನಂದಾ ಚಿತ್ರಮಂದಿರ ಇಂದು ಜನ ದಾರಿ ಹೇಳುವಾಗಿನ ಗುರುತಾಗಿ ಮಾತ್ರ ಉಳಿದಿದೆ. ಆ ಒಟ್ಟಿಗೆ ಕೂರುವ ಪದ್ಧತಿಯನ್ನಾದರೂ ಮನೆಯ ಹಜಾರಕ್ಕೆ ಮರಳಿ ತರೋಣ. ಮಕ್ಕಳ ವಯಸ್ಸು ನೋಡಿ ಚಿತ್ರವನ್ನು ಆರಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ, ಕೊನೆಯವರೆಗೂ ಏಳಬೇಡಿ. ಮುಗಿದ ಮೇಲೆ ಬೋಧನೆ ಬೇಡ. ಎರಡು ಪ್ರಶ್ನೆ ಸಾಕು. ಈ ಚಿತ್ರದಲ್ಲಿ ಯಾರ ಮುಖವನ್ನು ನಾವು ಹೆಚ್ಚು ಹೊತ್ತು ನೋಡಿದೆವು? ಯಾರ ಮುಖವನ್ನು ನಮಗೆ ತೋರಿಸಲೇ ಇಲ್ಲ?

ನಿಧಾನವೇ ಪ್ರಧಾನ ಎಂದು ನಮ್ಮ ಹಿರಿಯರು ಅಡುಗೆಗೂ ಪ್ರಯಾಣಕ್ಕೂ ಅನ್ವಯಿಸಿ ಹೇಳುತ್ತಿದ್ದ ಮಾತು ಕಣ್ಣಿಗೂ ಅನ್ವಯಿಸುತ್ತದೆ. ದರೋಡೆಕೋರನ ಕಥೆಯಲ್ಲಿಯೂ ಕಣ್ಣು ಅವಸರಪಡದೆ ನಿಂತರೆ, ಬಂದೂಕಿನ ಹಿಂದೆ ದೀಪ ಆರಿಸುವವಳೊಬ್ಬಳು ಕಾಣುತ್ತಾಳೆ, ಕೋಲೂರಿ ಬರುವವರೊಬ್ಬರು ಕಾಣುತ್ತಾರೆ. ಅವರನ್ನು ಕಂಡ ಹುಡುಗ ನಾಳೆ ಬೀದಿಯ ಅಣ್ಣನ ಹಿಂದೆ ಹೆಜ್ಜೆ ಹಾಕುವ ಮೊದಲು ಒಂದು ಕ್ಷಣವಾದರೂ ನಿಲ್ಲುತ್ತಾನೆ. ತಾಯಂದಿರ ಪಾಲಿಗೆ ಆ ಒಂದು ಕ್ಷಣ ಸಣ್ಣದಲ್ಲ.